ಪರದೆಯ ಮೇಲೊಂದು ಸ್ಟ್ಯಾಕ್

ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಗಂಪ್ಯೂಟರಿನೊಳಗೆ ಇದ್ದದ್ದು ಎಂಟು ಬಿಟ್ಟಿನ ಝಡ್80 ಪ್ರೊಸೆಸರ್. ಸೆಕೆಂಡಿಗೆ 35 ಲಕ್ಷ ಮಿಡಿತ ಅದರ ವೇಗ. ಟಿವಿಯೇ ಪರದೆ, ಅದರ ಮೇಲೆ ಸೆಕೆಂಡಿಗೆ 50 ಸಲ ಚಿತ್ರ ಮೂಡಬೇಕು. ಹಾಗಾಗಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸಿಗುವುದು 69,888 ಮಿಡಿತ ಮಾತ್ರ. ಆಟ ಬರೆಯುವವರ ಬಂಡವಾಳ ಇಷ್ಟೇ. ಬೇಸಿಕ್ ಭಾಷೆಯ ನಡಿಗೆಗೆ ಇದು ಎಲ್ಲಿಗೂ ಸಾಲದು, ಪ್ರೊಸೆಸರಿಗೆ ನೇರವಾಗಿ ಆದೇಶ ಕೊಡುವ ಅಸೆಂಬ್ಲಿಗೇ ಇಳಿಯಬೇಕು.

ಅಲ್ಲಿ ಜಿಪುಣತನ ಸಣ್ಣದರಿಂದಲೇ ಶುರು. ‘ಎ’ ರಿಜಿಸ್ಟರಿಗೆ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಗೆ) ಸೊನ್ನೆ ತುಂಬಲು ನೇರ ಆದೇಶಕ್ಕೆ ಎರಡು ಬೈಟ್, ಏಳು ಮಿಡಿತ ಬೇಕು. ‘ಎ’ಯನ್ನು ಅದರ ಜೊತೆಗೇ ಎಕ್ಸಾರ್ (ಒಂದೇ ಬಗೆಯ ಬಿಟ್ಟುಗಳು ಸೇರಿದರೆ ಸೊನ್ನೆ) ಮಾಡಿದರೆ ಒಂದು ಬೈಟ್, ನಾಲ್ಕು ಮಿಡಿತದಲ್ಲಿ ಅದೇ ಸೊನ್ನೆ. ಹಿಂದಿನ ಲೆಕ್ಕದ ಫಲವನ್ನು ಗುರುತಿಡುವ ಫ್ಲ್ಯಾಗುಗಳು ಬದಲಾಗುತ್ತವೆ ಎಂಬುದೊಂದು ನೆನಪಿರಬೇಕು.

ನಿಜವಾದ ಕರಾಮತ್ತು ಪರದೆ ಅಳಿಸುವಲ್ಲಿದೆ. ಚುಕ್ಕಿಗಳ ಮಾಹಿತಿ 6,144 ಬೈಟ್, ಶುರುವಾಗುವುದು 16384ನೇ ವಿಳಾಸದಿಂದ. ಎಲ್‌ಡಿಐಆರ್ ಎಂಬ ಆದೇಶ ಒಂದೊಂದೇ ಬೈಟನ್ನು ನಕಲಿಸುತ್ತ ಹೋಗುತ್ತದೆ. ಮೊದಲ ಮನೆಗೆ ಸೊನ್ನೆ ಹಾಕಿ, ಪ್ರತಿ ಮನೆಯದನ್ನೂ ಪಕ್ಕದ ಮನೆಗೆ ನಕಲಿಸು ಎಂದರೆ ಕಿವಿಯಿಂದ ಕಿವಿಗೆ ಗುಟ್ಟು ಹಬ್ಬಿದಂತೆ ಸೊನ್ನೆ ಹಬ್ಬುತ್ತದೆ. ಆದರೆ ಬೈಟಿಗೆ 21 ಮಿಡಿತ. ಒಟ್ಟು 1,29,000ದ ಆಸುಪಾಸು, ಅಂದರೆ ಸುಮಾರು ಎರಡು ಚಿತ್ರಗಳ ಹೊತ್ತು.

ಚತುರರು ಕಣ್ಣು ಹಾಕಿದ್ದು ಸ್ಟ್ಯಾಕಿನ ಮೇಲೆ. ಉಪಪ್ರೋಗ್ರಾಮಿಗೆ ಹೋದ ಪ್ರೊಸೆಸರ್ ಮರಳಬೇಕಾದ ವಿಳಾಸವನ್ನು ಬರೆದಿಟ್ಟುಕೊಳ್ಳುವ ಜಾಗ ಅದು. ಪುಶ್ ಎಂದರೆ ಎರಡು ಬೈಟ್ ಒಟ್ಟಿಗೆ, 11 ಮಿಡಿತದಲ್ಲಿ ಕೆಳಗಿನ ವಿಳಾಸಕ್ಕೆ ಸೇರುತ್ತವೆ. ಸ್ಟ್ಯಾಕಿನ ಜಾಗ ತೋರಿಸುವ ಸೂಚಕವನ್ನೇ ಪರದೆಯ ತುದಿಯಾದ 22528ಕ್ಕೆ ತಿರುಗಿಸಿ, ಸೊನ್ನೆಯನ್ನು 3,072 ಸಲ ಪುಶ್ ಮಾಡಿ! 96 ಪುಶ್‌ಗಳನ್ನು ಸಾಲಾಗಿ ಬರೆದು 32 ಸುತ್ತು ತಿರುಗಿಸಿದರೆ 34,200 ಮಿಡಿತದಲ್ಲಿ ಕೆಲಸ ಮುಗಿಯಿತು. ಹಳೆಯ ಸೂಚಕವನ್ನು ಕಾಪಾಡಲು ಅದನ್ನು ಕೊನೆಯಲ್ಲಿ ಮರಳಿ ತುಂಬುವ ಆದೇಶದ ಹೊಟ್ಟೆಯೊಳಗೇ ಬರೆದುಬಿಡುತ್ತಿದ್ದರು. ಓಡುತ್ತಿರುವ ಪ್ರೋಗ್ರಾಮ್ ತನ್ನನ್ನೇ ತಿದ್ದಿಕೊಳ್ಳುವುದು ಇಂದಿನವರಿಗೆ ಅಪಚಾರವೆನಿಸೀತು. ನನಗಂತೂ ಇಡೀ ತಂತ್ರದಲ್ಲಿ ಚೆಂದವಾದದ್ದು ಇದೇ.

ಅಪಾಯ ಬರುವುದು ಇಂಟರಪ್ಟಿನಿಂದ. ಸೆಕೆಂಡಿಗೆ 50 ಸಲ, ಕೀಲಿಮಣೆ ನೋಡಲು, ಪ್ರೊಸೆಸರ್ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಡುತ್ತದೆ; ಮರಳುವ ವಿಳಾಸವನ್ನು ಸ್ಟ್ಯಾಕಿಗೆ, ಅಂದರೆ ಈಗ ಪರದೆಗೇ, ಬರೆಯುತ್ತದೆ. ಅಳಿಸುವ ಕೆಲಸ ನಡುವಿನಲ್ಲಿದ್ದರೆ ಚಿಂತೆಯಿಲ್ಲ. ಆ ಕಸದ ಮೇಲೆ ಮುಂದಿನ ಪುಶ್ ಸೊನ್ನೆ ಎಳೆಯುತ್ತದೆ. ಸೂಚಕ 16384ರ ಹತ್ತಿರ ಬಂದಾಗ ಮಾತ್ರ ಕಥೆ ಬೇರೆ. ಅದರ ಕೆಳಗಿರುವುದು ರೋಮ್ (ಓದಲಷ್ಟೇ ಬರುವ ಕಾಯಂ ಸ್ಮೃತಿ). ಬರೆದ ವಿಳಾಸ ಅಲ್ಲಿ ನಿಲ್ಲುವುದೇ ಇಲ್ಲ, ಪ್ರೊಸೆಸರ್ ಎತ್ತಲೋ ಹಾರಿ ಯಂತ್ರ ಕುಸಿಯುತ್ತದೆ. ಪುಶ್‌ಗೆ ವಿರುದ್ಧವಾದ ಪಾಪ್ ಬಳಸಿ ಆಟದ ಗೊಂಬೆಯ ಚಿತ್ರ ಓದುವಾಗಲೂ ಕಾಟವುಂಟು: ಈಗಷ್ಟೇ ಓದಿದ ಬೈಟುಗಳು ಕೆಟ್ಟು, ಅದೇ ಗೊಂಬೆ ಮುಂದಿನ ಸಲ ವಿಕಾರವಾಗಿ ಮೂಡುತ್ತದೆ. ಅದಕ್ಕೇ ಮೊದಲು ಡಿಐ ಎಂಬ ಆದೇಶ ಕೊಟ್ಟು ಇಂಟರಪ್ಟನ್ನು ತಡೆಯುತ್ತಾರೆ.

ಇಷ್ಟಾದರೂ ಗೆಲುವು ಪೂರ್ಣವಲ್ಲ. ಟಿವಿಗೆ ಚಿತ್ರ ಕಳಿಸುವ ಯುಎಲ್‌ಎ ಚಿಪ್ಪಿಗೂ ಅದೇ ಸ್ಮೃತಿ ಬೇಕು. ಅದು ಓದುವಾಗ ಆ ಸ್ಮೃತಿಗಾಗಿ ಝಡ್80 ಕಾಯಬೇಕು. ಚುಕ್ಕಿಗಳ 192 ಸಾಲಿಗೆ, ಸಾಲಿಗೆ 224ರಂತೆ, 43,008 ಮಿಡಿತ; ಅದನ್ನು ಬಿಟ್ಟರೆ ಅಡ್ಡಿಯಿಲ್ಲದೆ ಸಿಗುವುದು 26,880. ನಮ್ಮ 34,200 ಅದರಲ್ಲಿ ಹಿಡಿಸುವುದಿಲ್ಲ. ಪರದೆಯ ಒಂದು ಭಾಗವನ್ನಷ್ಟೇ ಆಟಕ್ಕೆ ಇಟ್ಟು, ಉಳಿದುದನ್ನು ಅಂಕಗಳಿಗೂ ಅಲಂಕಾರದ ಚೌಕಟ್ಟಿಗೂ ಬಿಟ್ಟುಕೊಟ್ಟರೆ ಹಿಡಿಸುತ್ತದೆ.