ಷಟ್ಪದಗಳೂ ಬದುವಿನ ಕಳೆಗಳೂ

ಅಮರಸಿಂಹನು ತನ್ನ ಕೋಶದಲ್ಲಿ ದುಂಬಿಗೆ ಮಧುವ್ರತ, ಮಧುಕರ, ಮಧುಪ, ದ್ವಿರೇಫ, ಪುಷ್ಪಲಿಹ, ಭೃಂಗ, ಷಟ್ಪದ, ಭ್ರಮರ ಮೊದಲಾದ ಹೆಸರುಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಕೆಲವು ಜೇನು ಕುಡಿಯುವುದನ್ನೂ, ಕೆಲವು ಹೂವನ್ನು ನೆಕ್ಕುವುದನ್ನೂ, ಕೆಲವು ಅಲೆದಾಟವನ್ನೂ ಸೂಚಿಸುತ್ತವೆ. ಆರು ಕಾಲುಗಳಿರುವುದರಿಂದ ಬಂದ ಷಟ್ಪದವೆಂಬ ಹೆಸರು ನಮ್ಮ ಷಟ್ಪದಿಯನ್ನು ನೆನಪಿಗೆ ತರುವುದು ಸಹಜ. ಆದರೆ 'ಪರಾಗವನ್ನು ಹೊರುವುದು' ಎಂಬರ್ಥದ ಹೆಸರೊಂದೂ ಆ ಪಟ್ಟಿಯಲ್ಲಿಲ್ಲ. ಕವಿಗಳು ಕಂಡದ್ದು ಅತಿಥಿಯನ್ನು. ಆ ಅತಿಥಿಯು ಮಾಡಿಹೋಗುವ ಕೆಲಸವನ್ನು ಬಿಡಿಸಿ ಹೇಳಿದವರಲ್ಲಿ ಮೊದಲಿಗರು ಜರ್ಮನಿಯ ಉಪಾಧ್ಯಾಯರಾದ ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್. ಹೂವಿನ ಬಣ್ಣ, ಆಕಾರ, ಮಕರಂದಗಳೆಲ್ಲವೂ ಕೀಟವನ್ನು ಕರೆಯುವುದಕ್ಕಾಗಿಯೇ ಇವೆಯೆಂದು ಅವರು 1793ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಮಕಾಲೀನರು ಹೆಚ್ಚಾಗಿ ಲೆಕ್ಕಿಸಲಿಲ್ಲ. ಮುಂದೆ ಡಾರ್ವಿನ್ನನು ಅದಕ್ಕೆ ಮನ್ನಣೆ ತಂದುಕೊಟ್ಟನು.

ಗಿಡವು ಸ್ಥಾವರ, ತಾನಿದ್ದ ಸ್ಥಳವನ್ನು ಬಿಟ್ಟು ಕದಲದು. ಕುಂಬಳದ ಬಳ್ಳಿಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಒಂದರ ಪರಾಗವು ಇನ್ನೊಂದನ್ನು ಸೇರಬೇಕಾದರೆ ಜಂಗಮವಾದ ಜೀವಿಯೊಂದು ನಡುವೆ ಸಂಚರಿಸಬೇಕು. ಕುಂಬಳದ ಹೂವು ಬೆಳಗಿನ ಜಾವಕ್ಕೆ ಅರಳಿ ಬಿಸಿಲೇರುತ್ತಲೇ ಮುದುಡುವುದರಿಂದ ಅದಕ್ಕಿರುವ ಅವಕಾಶ ಕೆಲವೇ ತಾಸುಗಳು. ಅಷ್ಟರೊಳಗೆ ಕೀಟವು ಬಾರದಿದ್ದರೆ ಹೆಣ್ಣುಹೂವಿನ ಬುಡದ ಪುಟ್ಟ ಮಿಡಿಯು ಹಳದಿಗಟ್ಟಿ ಉದುರುತ್ತದೆ. ಒಕ್ಕಲಿಗನು ಬೀಜವನ್ನೋ ಗೊಬ್ಬರವನ್ನೋ ದೂರುತ್ತಾನೆ. ಮನೆಯವರು ದೃಷ್ಟಿ ತಾಗಿತೆನ್ನುತ್ತಾರೆ. ಜೇನು ಬಂದಿತ್ತೇ ಎಂದು ಕೇಳುವವರು ವಿರಳ.

ಹಾಗೆಂದು ಜೇನಿಲ್ಲದಿದ್ದರೆ ಅನ್ನವೇ ಇಲ್ಲವೆನ್ನುವುದು ಬರಿಯ ಅತಿಶಯೋಕ್ತಿ. ಜೋಳ, ರಾಗಿ, ಭತ್ತಗಳು ಕೀಟದ ಹಂಗಿಲ್ಲದೆ ಕಾಳುಗಟ್ಟುತ್ತವೆ. ಹಂಗಿರುವುದು ಸೌತೆ, ಹೀರೆ, ಕುಂಬಳಗಳಿಗೆ, ಸೂರ್ಯಕಾಂತಿಗೆ, ಮಾವಿಗೆ. ಮಾವಿನ ಹೂಗೊಂಚಲಿಗೆ ಜೇನಿಗಿಂತ ನೊಣಗಳದೇ ಹೆಚ್ಚಿನ ಸೇವೆಯೆಂಬುದನ್ನು ಕೇಳಿ ಕಾವ್ಯಾಭ್ಯಾಸಿಗಳಿಗೆ ಬೇಸರವಾದೀತು, ಸತ್ಯವಂತೂ ಅದೇ.

ಬದನೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಅದರ ಕೇಸರಗಳು ಮುಚ್ಚಿದ ಕೊಳವೆಗಳಂತಿದ್ದು ತುದಿಯಲ್ಲಿ ಮಾತ್ರ ಸಣ್ಣ ರಂಧ್ರವಿರುತ್ತದೆ. ಗಾಳಿಯ ಅಲುಗಾಟಕ್ಕೆ ಪರಾಗವು ಸ್ವಲ್ಪ ಉದುರುವುದುಂಟಾದರೂ ಧಾರಾಳವಾಗಿ ಹೊರಬರಬೇಕಾದರೆ ಹೂವನ್ನು ರಭಸದಿಂದ ನಡುಗಿಸಬೇಕು. ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯು ಹೂವನ್ನು ಅಪ್ಪಿಹಿಡಿದು, ರೆಕ್ಕೆಯನ್ನು ಬೀಸದೆಯೇ ಎದೆಯ ಸ್ನಾಯುಗಳನ್ನು ಮಿಡಿಯುತ್ತದೆ. ಪರಾಗವು ಪುಡಿಯಾಗಿ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ನಾವು ಪದ್ಯಗಳಲ್ಲಿ ಹಾಡೆಂದು ಓದಿದ ಝೇಂಕಾರವು ಬದನೆಯ ತೋಟದಲ್ಲಿ ದುಡಿಮೆಯ ಸದ್ದು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು.

ಈ ದುಂಬಿಯ ನಿತ್ಯದ ಊಟ ಯಾವುದು? ಬದನೆಯ ಹೂವಿನಲ್ಲಿ ಮಕರಂದವಿಲ್ಲ. ಬದನೆಯು ವರ್ಷವಿಡೀ ಹೂಬಿಡುವುದೂ ಇಲ್ಲ. ಫಾಲ್ಗುಣ, ಚೈತ್ರಗಳಲ್ಲಿ ನಮ್ಮ ಬಯಲುಸೀಮೆಯ ಹೊಲಗಳು ಹಿಂಗಾರಿ ಒಕ್ಕಣೆ ಮುಗಿದು ಬರಿದಾಗಿರುತ್ತವೆ. ಹೊಂಗೆ, ಬೇವುಗಳ ಹೂಸುಗ್ಗಿಯೂ ಕೆಲವೇ ವಾರಗಳದು. ಆಗ ದುಂಬಿಗೆ ಮಕರಂದವನ್ನೀಯುವುದು ದಾರಿಬದಿಯ ಎಕ್ಕ. ಪರಾಗವನ್ನೀಯುವುದು ಬದುವಿನ ತಂಗಡಿ. ಅದರ ಹಳದಿ ಹೂವಿನ ಕೇಸರಗಳೂ ಬದನೆಯವುಗಳಂತೆ ತುದಿಯಲ್ಲಿ ಮಾತ್ರ ತೆರೆಯುವಂಥವು. ಎಕ್ಕವಾದರೋ ತನ್ನ ಪರಾಗವನ್ನು ಪುಡಿಯಾಗಿ ಕೊಡದೆ, ಜೋಡಿ ಗಂಟುಗಳಾಗಿ ಕಟ್ಟಿ ದುಂಬಿಯ ಕಾಲಿಗೆ ತಗುಲಿಸಿ ಕಳುಹಿಸುತ್ತದೆ. ಹೀಗೆ ಎಕ್ಕ, ತಂಗಡಿ, ಬದನೆ ಮೂರಕ್ಕೂ ದುಂಬಿಯೊಂದೇ. ಮೊದಲೆರಡನ್ನು ಕಳೆಯೆಂದು ಕಡಿದವನು ಮೂರನೆಯದರ ಕಾಯಿಯನ್ನೂ ತಾನರಿಯದೆ ಕಡಿಮೆ ಮಾಡಿಕೊಳ್ಳುತ್ತಾನೆ.

ಚಿಕ್ಕ ಜೇನುಗಳಿಗೆ ನೀರುಗಾಲುವೆಯ ಅಂಚಿನ ತುಂಬೆ, ಗಾಯಕ್ಕೆ ರಸ ಹಿಂಡುವ ಗಬ್ಬುಸಣ್ಣಶಾವಂತಿ ಮೊದಲಾದವು ಆಸರೆ. ಶಿವಪೂಜೆಗೆ ಪ್ರಿಯವಾದ ತುಂಬೆಯನ್ನು ಕಳೆಗಳ ಸಾಲಿಗೆ ಸೇರಿಸಲು ನನಗೆ ಮನಸ್ಸೊಪ್ಪದಾದರೂ, ಹೊಲದ ಸಾಲಿನ ನಡುವೆ ಬೆಳೆದರೆ ಅದೂ ಕಳೆಯೇ; ಅಲ್ಲಿ ಕುಂಟೆ ಆಡಲಿ. ಕರಿಕೆ, ಜೇಕುಗಳು ಗಾಳಿಯನ್ನು ನಂಬಿದವು. ಅವುಗಳಿಂದ ಜೇನಿಗೆ ಹೆಚ್ಚಿನ ಪ್ರಯೋಜನವಿಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದು ನಮ್ಮ ನಾಡನ್ನೆಲ್ಲ ಆವರಿಸಿದ ಕಾಂಗ್ರೆಸ್ ಹುಲ್ಲಿಗಂತೂ ಯಾವ ದಾಕ್ಷಿಣ್ಯವೂ ಬೇಡ. ಅದರ ಪರಾಗವು ಮನುಷ್ಯರಿಗೆ ತುರಿಕೆ, ಉಬ್ಬಸಗಳನ್ನು ತರುವುದರಿಂದ ಹೂ ಬಿಡುವ ಮೊದಲೇ ಕೀಳತಕ್ಕದ್ದು.

ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಒಕ್ಕಲುತನದ ಮನೆಗಳವರು. ಈಚೆಗೆ ಆಳುಗಳ ಅಭಾವದಿಂದ ಬದುಗಳಿಗೂ ಕಳೆನಾಶಕ ಹೊಡೆಯುವುದು, ಬೇಸಗೆಯಲ್ಲಿ ಬೆಂಕಿಯಿಡುವುದು ರೂಢಿಯಾಗಿದೆ. ಅವರ ಕಷ್ಟವು ಸುಳ್ಳಲ್ಲ. ಆದರೆ 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ಕರ್ನಾಟಕದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ಅಳಿಸಿದ್ದನ್ನು ಕಂಡ ಮೇಲೆ ಒಂದೇ ಜಾತಿಯ ಜೇನನ್ನು ನೆಚ್ಚಿರುವುದು ವಿವೇಕವಲ್ಲ. ಕಾಡುದುಂಬಿಗಳಿಗೆ ಬೇಕಾದುದೂ ಅಲ್ಪವೇ: ಬೆಳೆಗೆ ನೆರಳಾಗದಂತೆ ಸವರಿ ಉಳಿಸಿದ ಎಕ್ಕ, ತಂಗಡಿಗಳು, ಅಗೆಯದೆ ಬಿಟ್ಟ ಮೊಳದಗಲದ ನೆಲ, ಒಲೆಗೆ ಹಾಕದೆ ಉಳಿಸಿದ ಒಂದೆರಡು ಒಣ ಬಿದಿರು ಅಥವಾ ಮರದ ತುಂಡು. ಕುಂಬಳ, ಸೌತೆಗಳಿಗೆ ಔಷಧ ಸಿಂಪಡಿಸಲೇಬೇಕಾದರೆ ಹೂವು ಮುಚ್ಚಿದ ಮೇಲೆ, ಸಂಜೆಯ ಹೊತ್ತು ಸಿಂಪಡಿಸಬಹುದು. ಹೀರೆಗೆ ಈ ನಿಯಮ ಸಲ್ಲದು. ಅದು ಅರಳುವುದೇ ಸಂಜೆ, ಮಬ್ಬಿನಲ್ಲಿ ಪತಂಗಗಳು ಅದನ್ನು ಅರಸಿಕೊಂಡು ಬರುತ್ತವೆ.