ದ್ರಾಕ್ಷಾರಸದ ಕಲೆಗಳಿರುವ ಪುಸ್ತಕ

ಸರಾಯೆವೊದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿರುವ ಆ ಪ್ರಾರ್ಥನಾ ಪುಸ್ತಕದ ಹಾಳೆಗಳಲ್ಲಿ ದ್ರಾಕ್ಷಾರಸ ಚೆಲ್ಲಿದ ಕಲೆಗಳಿವೆ, ಮಗುವೊಂದು ಗೀಚಿದ ಗೆರೆಗಳೂ ಇವೆ. ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಪುಸ್ತಕವಲ್ಲ ಅದು. ಪಾಸೋವರ್ ಹಬ್ಬದ ರಾತ್ರಿ ಯೆಹೂದಿ ಕುಟುಂಬ ಊಟಕ್ಕೆ ಕೂತು, ಈಜಿಪ್ಟಿನ ಗುಲಾಮಗಿರಿಯಿಂದ ಹಿರಿಯರು ಬಿಡುಗಡೆಯಾದ ಕಥೆಯನ್ನು ಮಕ್ಕಳಿಗೆ ಓದಿ ಹೇಳುವ ಪುಸ್ತಕ. ಅದಕ್ಕೆ ಹಗಾದಾ ಎಂದು ಹೆಸರು.

ಈ ಪ್ರತಿ 14ನೆಯ ಶತಮಾನದ ನಡುವೆ ಸ್ಪೇನಿನಲ್ಲಿ ಸಿದ್ಧವಾಯಿತು. ಚರ್ಮದ ಹಾಳೆಗಳ ಮೇಲೆ ಬಣ್ಣ, ಬಂಗಾರದ ಚಿತ್ರಗಳು. 1492ರಲ್ಲಿ ಯೆಹೂದಿಗಳನ್ನು ದೇಶದಿಂದ ಅಟ್ಟಿದಾಗ ಪುಸ್ತಕವೂ ಹೊರಟಿತು. 1609ರಲ್ಲಿ ವೆನಿಸ್ಸಿನಲ್ಲಿ ಚರ್ಚಿನ ಪರಿಶೀಲಕನೊಬ್ಬ ಸಹಿ ಹಾಕಿದ್ದರಿಂದ ಬೆಂಕಿಯ ಪಾಲಾಗಲಿಲ್ಲ. 1894ರಲ್ಲಿ ಸರಾಯೆವೊದ ಕೊಹೆನ್ ಮನೆತನದವರು ಅದನ್ನು ಮ್ಯೂಸಿಯಮ್ಮಿಗೆ ಮಾರಿದರು. ಮನೆಯ ಪುಸ್ತಕ ಮಾರುವುದೆಂದರೆ ಸಣ್ಣ ಸಂಕಟವೇ? ಆದರೆ ಮಾರಿದ್ದೇ ಅದನ್ನು ಉಳಿಸಿತೇನೋ. 1941ರಲ್ಲಿ ನಾಜಿಗಳು ಬಂದಾಗ ಯೆಹೂದಿಗಳ ಮನೆಗಳೂ ಪ್ರಾರ್ಥನಾ ಮಂದಿರಗಳೂ ಲೂಟಿಯಾದವು.

1942ರಲ್ಲಿ ಜರ್ಮನ್ ಸೇನಾಧಿಕಾರಿ ಯೋಹಾನ್ ಫೋರ್ಟ್‌ನರ್ ಮ್ಯೂಸಿಯಮ್ಮಿಗೆ ಬಂದ. ಪುಸ್ತಕ ಕೊಡಿ ಎಂದ. ಗ್ರಂಥಪಾಲಕ ದೆರ್ವಿಶ್ ಕೊರ್ಕುತ್ ಮುಸ್ಲಿಂ ವಿದ್ವಾಂಸ. ಪುಸ್ತಕವನ್ನು ಅವರು ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರಂತೆ. ನಿಮ್ಮದೇ ಅಧಿಕಾರಿಯೊಬ್ಬರು ಆಗಲೇ ಒಯ್ದರು ಎಂದು ನಿರ್ದೇಶಕರು ಹೇಳಿದರಂತೆ. ಹೆಸರೇನು ಎಂದರೆ, ಅಂಥವರ ಹೆಸರು ಕೇಳಲು ನಾನು ಯಾರು ಎಂಬ ಉತ್ತರ. ಈ ಸಂಭಾಷಣೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಪುಸ್ತಕ ಮಾತ್ರ ನಾಜಿಗಳ ಕೈಗೆ ಸಿಗಲಿಲ್ಲ. ಬೆಟ್ಟದ ಹಳ್ಳಿಯೊಂದರಲ್ಲಿ ಅಡಗಿತ್ತೆಂದು ಪ್ರತೀತಿ.

ಪುಸ್ತಕವನ್ನಷ್ಟೇ ಅಲ್ಲ, ಮೀರಾ ಪಾಪೊ ಎಂಬ ಯೆಹೂದಿ ತರುಣಿಯನ್ನೂ ಕೊರ್ಕುತ್ ಉಳಿಸಿದರು. ತಮ್ಮ ಮನೆಗೆ ಕರೆತಂದು, ಮುಸುಕು ಹಾಕಿಸಿ, ಅಮೀರಾ ಎಂದು ಕರೆದು ಕೆಲಸದವಳಂತೆ ಇರಿಸಿಕೊಂಡರು. ಯುದ್ಧ ಮುಗಿದ ಮೇಲೆ ಹೊಸ ಸರ್ಕಾರ ಅವರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿತು. 1969ರಲ್ಲಿ ತೀರಿಕೊಂಡರು.

1992ರಲ್ಲಿ ಸರಾಯೆವೊಗೆ ಮತ್ತೆ ಮುತ್ತಿಗೆ. ಪುರಾತತ್ತ್ವಜ್ಞ ಎನ್ವರ್ ಇಮಾಮೊವಿಚ್ ಪೊಲೀಸರೊಂದಿಗೆ ಮ್ಯೂಸಿಯಮ್ಮಿಗೆ ನುಗ್ಗಿ ಪುಸ್ತಕ ಹೊರತಂದರು. ಅದು ಬ್ಯಾಂಕಿನ ನೆಲಮಾಳಿಗೆ ಸೇರಿತು. ಶಸ್ತ್ರಾಸ್ತ್ರಕ್ಕಾಗಿ ಮಾರಿಬಿಟ್ಟರೆಂಬ ಗಾಳಿಮಾತಿಗೆ ಉತ್ತರವಾಗಿ 1995ರ ಹಬ್ಬದೂಟದಲ್ಲಿ ಅಧ್ಯಕ್ಷ ಇಝೆತ್‌ಬೆಗೊವಿಚ್ ಅದನ್ನು ತಂದು ತೋರಿಸಿದರು.

ಇಸ್ರೇಲಿಗೆ ಹೋಗಿ ನೆಲೆಸಿದ್ದ ಮೀರಾ, ಕೊರ್ಕುತ್ ಮಾಡಿದ್ದನ್ನು ಅಲ್ಲಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆಗೆ ಬರೆದು ತಿಳಿಸಿದ್ದರು. 1994ರಲ್ಲಿ ಸಂಸ್ಥೆ ಕೊರ್ಕುತ್ ದಂಪತಿಯನ್ನು ಗೌರವಿಸಿತು. ಐದು ವರ್ಷಗಳ ಬಳಿಕ, 1999ರಲ್ಲಿ, ಕೊಸೊವೊ ಯುದ್ಧದಿಂದ ಓಡಿಬಂದ ಕೊರ್ಕುತ್ ಮಗಳ ಬಳಿ ಆ ಗೌರವಪತ್ರದ ಪ್ರತಿಯಿತ್ತು. ಅದನ್ನು ನೋಡಿ ಇಸ್ರೇಲ್ ಅವಳಿಗೆ ಆಶ್ರಯ ಕೊಟ್ಟಿತು. ವಿಮಾನ ನಿಲ್ದಾಣದಲ್ಲಿ ಅವಳನ್ನು ಎದುರುಗೊಂಡವರಲ್ಲಿ ಮೀರಾಳ ಮಗನೂ ಇದ್ದ.