ಹುಳ ಶಾಣ್ಯಾ ಆಗಲಿಲ್ಲ

‘ಹುಳಾನೂ ಶಾಣ್ಯಾ ಆಗ್ಯಾವು’ ಎಂದರು ಅಪ್ಪ, ಹತ್ತಿಕಾಯಿ ಒಡೆದು ಗುಲಾಬಿ ಕಾಯಿಕೊರಕ ತೋರಿಸುತ್ತಾ. ಇರಕಲ್ಲಗಡದ ನಮ್ಮ ಹೊಲದಲ್ಲಿದ್ದದ್ದು ಬಿಟಿ ಹತ್ತಿ. 2002ರಲ್ಲಿ ಅದು ದೇಶಕ್ಕೆ ಬಂದಾಗ ಅದನ್ನು ತಿಂದ ಕಾಯಿಕೊರಕಗಳು ಸಾಯುತ್ತಿದ್ದವು.

ಹುಳು ಏನನ್ನೂ ಕಲಿಯಲಿಲ್ಲ ಎಂದೆ. ಹುಟ್ಟಿನಿಂದಲೇ ಆ ವಿಷ ತಾಳಬಲ್ಲ ಕೆಲವೇ ಕೆಲವು ಉಳಿದವು. ಅವುಗಳ ಸಂತತಿಯೇ ಹೊಲ ತುಂಬಿತು. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಇದೇ. ಗುಜರಾತಿನಲ್ಲಿ 2010ರಲ್ಲೇ ಇದು ವರದಿಯಾಗಿತ್ತು.

ಇದನ್ನು ತಡೆಯಲೆಂದೇ ಬೀಜದ ಜೊತೆ ಬಿಟಿ ಅಲ್ಲದ 120 ಗ್ರಾಂ ಬೀಜದ ಪೊಟ್ಟಣ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಿದರೆ ಅಲ್ಲಿ ಸಾಮಾನ್ಯ ಹುಳುಗಳೂ ಬದುಕುತ್ತವೆ. ಅವುಗಳ ಪತಂಗಗಳು ವಿಷ ತಾಳುವ ಪತಂಗಗಳ ಜೊತೆ ಕೂಡಿದರೆ ಆ ಗುಣ ಬೇಗ ಹಬ್ಬುವುದಿಲ್ಲ.

ನಾವು ಆ ಪೊಟ್ಟಣ ಬಿಸಾಡಿದ್ದೆವು.

ಅಪ್ಪ ಸುಮ್ಮನಿದ್ದು ಕೇಳಿದರು: ‘ಹಂಗಾರ, ಹುಳ ಆರಿಸಿ ಬೆಳೆಸಿದವರು ನಾವ ಅಲ್ಲೇನು?’